ಗಾಂಧಿ ಕ್ಲಾಸ್: ಸೀಟಿನ ಹೆಸರೋ, ಜನರ ಹೆಸರೋ?

ಮೊನ್ನೆ ಮಲ್ಟಿಪ್ಲೆಕ್ಸಿನಲ್ಲಿ ನಾಯಕ ತೆರೆಗೆ ಬಂದಾಗ ಅಭ್ಯಾಸಬಲದಿಂದ ಒಂದು ಶಿಳ್ಳೆ ಹಾಕಿದೆ. ಮುಂದಿನ ಸಾಲು ಪೂರ್ತಿ ತಿರುಗಿ ನೋಡಿತು. "ನಿಮ್ಮ ಗಾಂಧಿ ಕ್ಲಾಸ್ ಬುದ್ಧಿ ಹೋಗಲೇ ಇಲ್ಲವಲ್ಲ ಅಪ್ಪಾ" ಎಂದಳು ಮಗಳು. ಆ ಕ್ಲಾಸನ್ನು ಅವಳು ಕಣ್ಣಿನಿಂದ ಕಂಡವಳಲ್ಲ. ಮಾತು ಮಾತ್ರ ಸಿಕ್ಕಿದೆ.

ನಾನು ಕಂಡ ಗಾಂಧಿ ಕ್ಲಾಸ್ ಎಂದರೆ ತೆರೆಗೆ ಮೂಗು ತಾಗುವಂತಿದ್ದ ಮುಂದಿನ ಸಾಲುಗಳು, ಎಲ್ಲಕ್ಕಿಂತ ಅಗ್ಗದ ಟಿಕೆಟ್. ಸೀಟಿಗೆ ನಂಬರಿಲ್ಲ, ಓಡಿ ಹೋಗಿ ಟವೆಲ್ ಹಾಕಿದವನದೇ ಜಾಗ. ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳಲ್ಲಿ ಮೊದಲ ದಿನ ಅರ್ಧ ಸಂಭಾಷಣೆ ಅಲ್ಲಿಂದಲೇ ಬರುತ್ತಿತ್ತು. ಹಾಡಿಗೆ ಚಿಲ್ಲರೆ ಎಸೆಯುತ್ತಿದ್ದರು. ಆಟ ಮುಗಿದ ಮೇಲೆ ಗೇಟ್ ಕೀಪರ್ ತೆರೆಯ ಕೆಳಗೆ ಬ್ಯಾಟರಿ ಬಿಟ್ಟುಕೊಂಡು ಐದು ಪೈಸೆ, ಹತ್ತು ಪೈಸೆ ಆರಿಸುತ್ತಿದ್ದ. ಆಗಿನ ಪ್ರೊಜೆಕ್ಟರಿನ ಬೆಳಕು ಎರಡು ಕಾರ್ಬನ್ ಕಡ್ಡಿಗಳ ನಡುವಿನ ಉರಿಯಿಂದ ಬರುತ್ತಿತ್ತು. ಕಡ್ಡಿ ಸವೆದು ಅಂತರ ಹೆಚ್ಚಿದರೆ ಚಿತ್ರ ಮಂಕು. "ಲೈಟು! ಲೈಟು!" ಎಂದು ಮುಂದಿನವರು ಬೊಬ್ಬೆ ಹೊಡೆದ ಮೇಲೆಯೇ ಆಪರೇಟರಿಗೆ ಎಚ್ಚರ. ಬಾಲ್ಕನಿಯವರು ಮುಖ ಸಿಂಡರಿಸಿದರೂ ಬೆಳಕು ಅವರಿಗೂ ಬೇಕಿತ್ತಷ್ಟೆ.

ಈಗ ಪ್ರಶ್ನೆ: ಇಲ್ಲಿಗೆ ಗಾಂಧಿ ಹೇಗೆ ಬಂದರು? ರೈಲಿನ ಮೂರನೆಯ ದರ್ಜೆಯಿಂದ ಎಂಬುದು ಒಂದು ಊಹೆ. ಗಾಂಧೀಜಿ ಆ ದರ್ಜೆಯಲ್ಲೇ ಓಡಾಡಿದವರು, ಅದರ ಬವಣೆಯ ಬಗ್ಗೆ 1917ರಲ್ಲಿ ಬರೆದವರು. 1974ರಲ್ಲಿ ರೈಲು ಆ ದರ್ಜೆಯನ್ನೇ ಕೈಬಿಟ್ಟಿತು. ಚಿತ್ರಮಂದಿರದಲ್ಲಿ ಹೆಸರು ಮುಂದುವರಿಯಿತು. ಕನ್ನಡ ಚಿತ್ರೋದ್ಯಮದ ನೆಲೆಯಾದ ಗಾಂಧಿನಗರದಿಂದ ಬಂದದ್ದು ಎನ್ನುವ ಗೆಳೆಯರೂ ಇದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮಜ್ಜನ ಹಳ್ಳಿಯ ಟೆಂಟಿನಲ್ಲಿ ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ಮರಳಿನ ಮೇಲೆ ಕೂರುವ ನೆಲವನ್ನೂ ಅಜ್ಜ ಗಾಂಧಿ ಕ್ಲಾಸ್ ಎಂದೇ ಕರೆಯುತ್ತಿದ್ದರು. ಬೆಂಗಳೂರಿನಲ್ಲಿ ಗಾಂಧಿನಗರವೆಂಬುದು ಒಂದಿದೆ ಎಂದೇ ಅವರಿಗೆ ತಿಳಿದಿರಲಿಲ್ಲ.

ಕೊನೆಗೆ ಸೀಟು ಹೋಯಿತು, ಹೆಸರು ಜನರಿಗೆ ಅಂಟಿತು. "ಗಾಂಧಿ ಕ್ಲಾಸ್ ಪ್ರೇಕ್ಷಕರಿಗೆ ಹಿಡಿಸುವ ಚಿತ್ರ" ಎಂದು ವಿಮರ್ಶಕರು ಬರೆಯುವಾಗ ಅದು ಮೆಚ್ಚುಗೆಯೋ ಮೂದಲಿಕೆಯೋ ನನಗೆ ಇಂದಿಗೂ ಬಗೆಹರಿದಿಲ್ಲ. ಮಗಳದಂತೂ ಮೂದಲಿಕೆಯೇ. ಈ ಅರ್ಥದ ಹಳೆಯ ಬಳಕೆ ಯಾರಾದರೂ ಕಂಡಿದ್ದೀರಾ? ಹುಬ್ಬಳ್ಳಿ, ಮಂಗಳೂರಿನ ಕಡೆ ಆ ಮುಂದಿನ ಸಾಲಿಗೆ ಏನೆನ್ನುತ್ತಿದ್ದರು?