ಸರ್ಫಿಂಗ್ ಕಲಿಯೋಕೆ ಎಷ್ಟು ದೊಡ್ಡ ಬೋರ್ಡ್ ಬೇಕು? ಕಲಿಸುವವರನ್ನೇ ಕೇಳಿ

ಪ್ರಶ್ನೆ (ಬೆಂಗಳೂರಿನ ಸದಸ್ಯರು):
ನಮಸ್ಕಾರ ಸರ್. ನನಗೆ 34 ವರ್ಷ. ಎತ್ತರ 5 ಅಡಿ 10 ಇಂಚು, ತೂಕ 82 ಕೆಜಿ. ಜನವರಿಯಲ್ಲಿ ಮೂಲ್ಕಿಗೆ ಬಂದು ಮೂರು ದಿನ ಕ್ಲಾಸ್ ಮಾಡಿದ್ದೆ. ಕೊನೆಯ ದಿನ ಮುರಿದ ತೆರೆಯ ನೊರೆಯಲ್ಲಿ ನಾಲ್ಕೈದು ಸಲ ಎದ್ದು ನಿಂತೆ, ಆಮೇಲಿಂದ ಹುಚ್ಚು ಹಿಡಿದಿದೆ. ಈಗ ಪರಿಚಯದವರೊಬ್ಬರು ಊರು ಬಿಡುತ್ತಿದ್ದಾರೆ, ಅವರ ಬೋರ್ಡ್ ಮಾರಾಟಕ್ಕಿದೆ. 6 ಅಡಿ 2 ಇಂಚಿನದು, 11 ಸಾವಿರ ಹೇಳ್ತಿದ್ದಾರೆ. ನನ್ನ ಎತ್ತರಕ್ಕಿಂತ ಸ್ವಲ್ಪ ಉದ್ದ ಇದೆ, ಕಾರಿನ ಒಳಗೂ ಹಿಡಿಸುತ್ತೆ. ತಗೊಳ್ಳಲಾ?

ಉತ್ತರ:
ಬೇಡ ಮಾರಾಯ್ರೆ. ದುಡ್ಡು ಹೋಗುವುದು ಒಂದು ಕಡೆ, ಹಿಡಿದಿರುವ ಹುಚ್ಚೂ ಬಿಟ್ಟು ಹೋಗುತ್ತದೆ.

ಎತ್ತರ ನೋಡಿ ಆರಿಸುವುದು ಕ್ರಿಕೆಟ್ ಬ್ಯಾಟಿಗೆ, ಸೈಕಲ್ಲಿಗೆ ಸರಿ. ಸರ್ಫ್ ಬೋರ್ಡ್ ದೋಣಿಯ ಜಾತಿ. ನಮ್ಮಲ್ಲಿ ದೋಣಿ ಮಾಡುವವರು ಯಾರಾದರೂ ನಿಮ್ಮ ಎತ್ತರ ಕೇಳ್ತಾರಾ? ಎಷ್ಟು ಜನ ಹತ್ತುತ್ತಾರೆ, ಎಷ್ಟು ಮೀನು ತುಂಬುತ್ತೀರಿ ಅಂತ ಕೇಳ್ತಾರೆ. ಇಲ್ಲೂ ಹಾಗೇ, ಮೊದಲು ಕೇಳಬೇಕಾದ್ದು ತೂಕ.

ಆ ಬೋರ್ಡನ್ನು ಒಮ್ಮೆ ಮಗುಚಿ ನೋಡಿ. ನಡುವೆ ಉದ್ದಕ್ಕೆ ಒಂದು ತೆಳು ಮರದ ಪಟ್ಟಿ ಹೋಗಿರುತ್ತದೆ. ಅದರ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದ ಅಂಕಿಗಳು ಇರಬಹುದು: ಉದ್ದ, ಅಗಲ, ದಪ್ಪ, ಕೊನೆಯಲ್ಲಿ ಲೀಟರ್. ನೀವು ಹೇಳಿದ ಉದ್ದದ ಬೋರ್ಡಿಗೆ ಸಾಮಾನ್ಯವಾಗಿ ಹತ್ತೊಂಬತ್ತು ಇಂಚಿನ ಆಸುಪಾಸು ಅಗಲ, ಎರಡೂಕಾಲು ಎರಡೂವರೆ ಇಂಚು ದಪ್ಪ, 28ರಿಂದ 30 ಲೀಟರ್ ಇರುತ್ತದೆ. ಒಂದು ಲೀಟರ್ ಅಂದರೆ ಸುಮಾರು ಒಂದು ಕಿಲೋ ಭಾರ ಹೊರುವ ಶಕ್ತಿ ಅಂತ ಇಟ್ಟುಕೊಳ್ಳಿ. ನೀವು 82 ಕಿಲೋ. ಮಲಗಿದಾಗ ನಿಮ್ಮ ಮೈಯೂ ಒಂದಷ್ಟು ತೇಲುವುದರಿಂದ ತಳ ಕಾಣುವುದಿಲ್ಲ, ಅಷ್ಟೇ. ಬೋರ್ಡ್ ನೀರಿನ ಅಡಿಗೆ ಹೋಗುತ್ತದೆ, ನೀವು ಎದೆಮಟ್ಟ ನೀರಲ್ಲಿ ಕೈ ಬಡಿಯುತ್ತಾ ಇರುತ್ತೀರಿ.

ಹೊಸಬರಿಗೆ ನಾನು ಹೇಳುವ ಲೆಕ್ಕ ಇದು: ಎಷ್ಟು ಕಿಲೋ ತೂಕವೋ ಕನಿಷ್ಠ ಅಷ್ಟು ಲೀಟರ್. ಮೊದಲ ಹತ್ತಿಪ್ಪತ್ತು ದಿನಕ್ಕೆ ಅದರ ಮೇಲೆ ಇನ್ನಷ್ಟು ಇದ್ದರೆ ಒಳ್ಳೆಯದು. ನಿಮಗೆ ಎಂಟೂವರೆಯಿಂದ ಒಂಬತ್ತು ಅಡಿಯ ಫೋಮ್ ಬೋರ್ಡ್ (ಮೇಲ್ಮೈ ಮೆತ್ತಗಿರುವಂಥದ್ದು), ಅಗಲ ಇಪ್ಪತ್ತೆರಡು ಇಂಚಿಗಿಂತ ಕಡಿಮೆ ಬೇಡ, ದಪ್ಪ ಮೂರು ಇಂಚಿನ ಮೇಲೆ. ಲೀಟರ್ 90 ದಾಟಿರಲಿ. ಜನವರಿಯಲ್ಲಿ ನಿಮಗೆ ಕೊಟ್ಟಿದ್ದೂ ಇಂಥದ್ದೇ ಇರಬೇಕು. ಅದಕ್ಕೇ ಮೂರೇ ದಿನದಲ್ಲಿ ನಿಂತಿರಿ.

ದೊಡ್ಡ ಬೋರ್ಡ್ ಬರೀ ತೇಲುವುದಕ್ಕಲ್ಲ. ತೆರೆ ಹಿಡಿಯಬೇಕಾದರೆ ಅದು ಬಂದು ಎತ್ತುವ ಹೊತ್ತಿಗೆ ನೀವೂ ಒಂದಿಷ್ಟು ವೇಗದಲ್ಲಿರಬೇಕು. ಉದ್ದ, ಅಗಲ ಇದ್ದರೆ ನಾಲ್ಕು ಕೈ ಹಾಕಿದರೂ ಬೋರ್ಡ್ ಜಾರುತ್ತದೆ. ಚಿಕ್ಕದರಲ್ಲಿ ತೆರೆ ನಿಮ್ಮ ಹೊಟ್ಟೆಯ ಕೆಳಗಿಂದ ನುಸುಳಿ ದಡಕ್ಕೆ ಹೋಗುತ್ತದೆ, ನೀವು ಅಲ್ಲೇ ಬಾಕಿ. ಮಳೆಗಾಲ ಮುಗಿದ ಮೇಲೆ ನಮ್ಮ ಕರಾವಳಿಯ ತೆರೆ ಸಣ್ಣದು, ಮೆದು. ಕಲಿಯುವುದಕ್ಕೆ ಚಿನ್ನ, ಆದರೆ ತೆಳು ಬೋರ್ಡನ್ನು ತಳ್ಳುವ ಬಲ ಅದಕ್ಕಿಲ್ಲ.

ನನ್ನದೇ ಕಥೆ ಹೇಳ್ತೇನೆ. ಹುಡುಗನಾಗಿದ್ದಾಗ ಪ್ರವಾಸಿಯೊಬ್ಬರು ಒಂದು 6 ಅಡಿ 4 ಇಂಚಿನ ಬೋರ್ಡ್ ಬಿಟ್ಟು ಹೋದರು, ಅದರ ಮೂಗು, ಅಂದರೆ ಮುಂದಿನ ತುದಿ, ಮುರಿದಿತ್ತು. ಪುಕ್ಕಟೆ ಸಿಕ್ಕಿತಲ್ಲ, ಖುಷಿಯೋ ಖುಷಿ. ಒಂದು ಇಡೀ ಸೀಸನ್ ಅದರ ಮೇಲೆ ಒದ್ದಾಡಿದೆ. ನೆಟ್ಟಗೆ ನಿಂತದ್ದು ಒಂದು ಸಲವೂ ಇಲ್ಲ. ಸಮುದ್ರದ ಬದಿಯ ಹುಡುಗನಿಗೆ ಇಷ್ಟೂ ಬರುವುದಿಲ್ಲವಾ ಅಂತ ಮನೆಯಲ್ಲಿ ನಗಾಡಿದರು. ಮುಂದಿನ ವರ್ಷ ಯಾರೋ ಒಂಬತ್ತು ಅಡಿಯದು ಕೊಟ್ಟರು. ಅದೇ ದಿನ ಬೆಳಿಗ್ಗೆ ನಿಂತೆ.

ಪ್ರಶ್ನೆ (ಉಡುಪಿಯ ಸದಸ್ಯೆ):
ಸರ್, ನನ್ನದು ಉಲ್ಟಾ ಸಮಸ್ಯೆ. ತೂಕ 48 ಕೆಜಿ, ಎತ್ತರ 5 ಅಡಿ 1 ಇಂಚು. ಕ್ಲಾಸಲ್ಲಿ ಒಂಬತ್ತು ಅಡಿಯದನ್ನೇ ಕೊಟ್ಟರು. ನೀರಲ್ಲಿ ಪರವಾಗಿಲ್ಲ. ಆದರೆ ಮರಳಲ್ಲಿ ಹೊತ್ತುಕೊಂಡು ಹೋಗುವಾಗ ಗಾಳಿಗೆ ನಾನೇ ತಿರುಗಿಬಿಡ್ತೇನೆ. ಕಂಕುಳಲ್ಲಿ ಇಟ್ಟರೆ ಕೈ ಕೆಳಗಿನ ಅಂಚಿಗೆ ಸಿಗುವುದೇ ಇಲ್ಲ. ಚಿಕ್ಕದು ಕೇಳಿದರೆ ತಪ್ಪಾಗುತ್ತಾ?

ಉತ್ತರ:
ಎಂತ ತಪ್ಪು? ಧೈರ್ಯವಾಗಿ ಕೇಳಿ. ಕಲಿಸುವ ಕಡೆಗಳಲ್ಲಿ ಎಲ್ಲರಿಗೂ ಒಂದೇ ಬೋರ್ಡ್ ಕೊಡುವ ಚಾಳಿ ಉಂಟು, ನಾವೂ ಜನ ಜಾಸ್ತಿ ಇದ್ದ ದಿನ ಮಾಡಿದ್ದೇವೆ.

ನಿಮಗೆ ಏಳೂವರೆಯಿಂದ ಎಂಟು ಅಡಿ ಸಾಕು. ಲೀಟರ್ 55ರಿಂದ 70ರ ಒಳಗೆ. ತೀರಾ ದೊಡ್ಡದರಲ್ಲಿ ಹಗುರದವರಿಗೆ ಇನ್ನೊಂದು ತೊಂದರೆ: ನಿಂತ ಮೇಲೆ ಕಾಲಿನಿಂದ ಒತ್ತಿದರೂ ಬೋರ್ಡ್ ಮಾತು ಕೇಳುವುದಿಲ್ಲ, ತನ್ನಷ್ಟಕ್ಕೆ ದಡಕ್ಕೆ ಹೋಗುತ್ತದೆ. ನೊರೆ ಬಂದು ಹೊಡೆದರೆ ಹಿಡಿದುಕೊಳ್ಳುವುದೂ ಕಷ್ಟ.

ಹೊರುವ ವಿಷಯ: ಅಲ್ಲಿಯ ತನಕ ದೊಡ್ಡದೇ ಗತಿ ಅಂದರೆ ತಲೆ ಮೇಲೆ ಇಟ್ಟುಕೊಳ್ಳಿ, ಹುಲ್ಲಿನ ಹೊರೆಯ ಹಾಗೆ. ಇಲ್ಲವಾದರೆ ಇಬ್ಬರು ಸೇರಿ ಎರಡು ಬೋರ್ಡ್ ಹಿಡಿಯಿರಿ, ಒಬ್ಬರು ಮೂಗಿನ ಕಡೆ, ಒಬ್ಬರು ಬಾಲದ ಕಡೆ. ಸೊಂಟದ ಮಟ್ಟ ನೀರಿಗೆ ಹೋದ ಮೇಲೆ ಮಾತ್ರ ಒಂದು ಜಾಗ್ರತೆ: ಬೋರ್ಡನ್ನು ನಿಮಗೂ ಬರುವ ತೆರೆಗೂ ನಡುವೆ ಅಡ್ಡ ಇಡಬೇಡಿ. ಅದು ಸೀದಾ ನಿಮ್ಮ ಮುಖಕ್ಕೇ ಬರುತ್ತದೆ.

ಪ್ರಶ್ನೆ (ಮಂಗಳೂರಿನ ಸದಸ್ಯೆ):
ಮಗಳಿಗೆ 11 ವರ್ಷ, 32 ಕೆಜಿ. ಈಜು ಚೆನ್ನಾಗಿ ಬರುತ್ತೆ. ಬೆಳೆಯುವ ಮಗು ಅಲ್ವಾ, ಚಪ್ಪಲಿ ತಗೊಳ್ಳುವ ಹಾಗೆ ಒಂದು ಸೈಜ್ ದೊಡ್ಡದೇ ತಗೊಂಡರೆ ಹೇಗೆ?

ಉತ್ತರ:
ಅಕ್ಕ, ಈ ಒಂದು ವಿಷಯದಲ್ಲಿ ಚಪ್ಪಲಿ ಲೆಕ್ಕ ಸ್ವಲ್ಪ ಸರಿಯೇ. ಆರೂವರೆ, ಏಳು ಅಡಿಯ ಫೋಮ್ ಬೋರ್ಡ್ ಈಗಲೂ ಆಗುತ್ತದೆ, ಇನ್ನು ಎರಡು ವರ್ಷಕ್ಕೂ ಬರುತ್ತದೆ. ಎಂಟರ ಮೇಲೆ ಬೇಡ. ಅವಳೇ ಎಳೆದುಕೊಂಡು ನೀರಿಗಿಳಿಯುವ ಹಾಗಿರಬೇಕು. ಪ್ರತಿ ಸಲ ಅಪ್ಪನನ್ನು ಕೂಗಬೇಕಾದರೆ ಆಸಕ್ತಿ ಹೋಗುತ್ತದೆ. ಬೋರ್ಡಿನ ಅಡಿಯಲ್ಲಿ ಬಾಲದ ಹತ್ತಿರ ಇರುವ ರೆಕ್ಕೆ, ಅಂದರೆ ಫಿನ್, ರಬ್ಬರಿನ ಹಾಗೆ ಬಾಗುವಂಥದ್ದು ಇರಲಿ, ಗಟ್ಟಿ ಫಿನ್ ತಾಗಿದರೆ ಕುಯ್ಯುತ್ತದೆ. ಕಾಲಿಗೆ ಕಟ್ಟುವ ಲೀಶ್ ಹೆಚ್ಚುಕಡಿಮೆ ಬೋರ್ಡಿನಷ್ಟೇ ಉದ್ದ ಇರಬೇಕು. ಗಿಡ್ಡ ಇದ್ದರೆ ಬಿದ್ದಾಗ ಬೋರ್ಡ್ ಸ್ಪ್ರಿಂಗಿನ ಹಾಗೆ ವಾಪಸ್ ಬರುತ್ತದೆ.

ಕಾಮೆಂಟ್ (ಇನ್ನೊಬ್ಬ ಸದಸ್ಯರು):
ಒಂಬತ್ತು ಅಡಿ ಅಂದ್ರೆ ಅದು ಬೋರ್ಡ್ ಅಲ್ಲ ಸರ್, ಮನೆ ಬಾಗಿಲು. 😄 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ನೋಡಿದ್ದೆ, ಗೆದ್ದ ಹುಡುಗರ ಕೈಯಲ್ಲಿ ಚಿಕ್ಕ ಚಿಕ್ಕ ಬೋರ್ಡ್ ಇತ್ತು.

ಉತ್ತರ:
ಹೌದು, ಆ ಸ್ಪರ್ಧೆ ಆದ ಮೇಲೆ ನಮ್ಮಲ್ಲಿಗೆ ಬಂದ ಅರ್ಧ ಜನ "ಅಂಥದ್ದೇ ಕೊಡಿ" ಅಂದರು! ಆ ಹುಡುಗರು ಮೊದಲು ದೊಡ್ಡದರಲ್ಲಿ ಬಿದ್ದು ಎದ್ದು, ವರ್ಷಗಟ್ಟಲೆ ಆದ ಮೇಲೆ ಅಲ್ಲಿಗೆ ಬಂದದ್ದು. ಸ್ಪರ್ಧೆಯ ಮಟ್ಟದವರಿಗೆ ತೂಕದ ಮೂರನೇ ಒಂದು ಭಾಗಕ್ಕಿಂತ ತುಸು ಜಾಸ್ತಿ ಲೀಟರ್ ಸಾಕಾಗುತ್ತದೆ. ತೋಳಿನ ಬಲ, ತೆರೆ ಎಲ್ಲಿ ಏಳುತ್ತದೆ ಅನ್ನುವ ಅಂದಾಜು, ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ನಿಲ್ಲುವುದು, ಇವೆಲ್ಲ ಸೇರಿ ಉಳಿದ ಲೀಟರಿನ ಕೆಲಸ ಮಾಡುತ್ತವೆ.

ಬಾಗಿಲಿನ ಮಾತು ಬಂತಲ್ಲ, ಹವಾಯಿಯ ಡ್ಯೂಕ್ ಕಹಾನಮೋಕು ಅಂತ ಒಬ್ಬರಿದ್ದರು, ಈಜಿನಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದವರು. ಸರ್ಫಿಂಗನ್ನು ಲೋಕಕ್ಕೆ ತೋರಿಸಿದವರೇ ಅವರು ಅನ್ನಬಹುದು. ಅವರ ಹತ್ತಿರ 16 ಅಡಿಯ ಮರದ ಬೋರ್ಡ್ ಇತ್ತು, 50 ಕಿಲೋಗೂ ಮೇಲೆ. ನಿಮ್ಮ ಮನೆ ಬಾಗಿಲು ಅದರ ಎದುರು ಕಿಟಕಿ.

ಪ್ರಶ್ನೆ (ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಿಂದ):
ನಮಸ್ತೆ, ಹಾಸನದವನು, ಇಲ್ಲಿಗೆ ಬಂದು ಎರಡು ವರ್ಷ. 74 ಕೆಜಿ. ಎಂಟು ಅಡಿ ಫೋಮ್‌ನಲ್ಲಿ ಸುಮಾರು ಮೂವತ್ತು ಸಲ ಇಳಿದಿದ್ದೇನೆ. ಮುರಿಯದ ತೆರೆಯನ್ನೂ ಈಗ ಹಿಡಿಯುತ್ತೇನೆ, ಆದರೆ ಹತ್ತರಲ್ಲಿ ಮೂರೋ ನಾಲ್ಕೋ. ಅಂಗಡಿಯವನು 6 ಅಡಿ 6 ಇಂಚಿನದು, 40 ಲೀಟರ್, "ನೀನು ರೆಡಿ" ಅಂತಿದ್ದಾನೆ.

ಉತ್ತರ:
ಅಂಗಡಿಯವನು ರೆಡಿ, ನೀವಲ್ಲ. 80 ಲೀಟರಿನ ಮೇಲಿಂದ 40ಕ್ಕೆ ಹಾರುವುದು ಅಂದರೆ ಏಣಿಯ ನಾಲ್ಕು ಮೆಟ್ಟಿಲು ಬಿಟ್ಟು ಕಾಲಿಟ್ಟ ಹಾಗೆ. ಹತ್ತರಲ್ಲಿ ಆರೇಳು ಹಿಡಿದು, ನೇರ ದಡಕ್ಕೆ ಬರದೆ ತೆರೆಯ ಗೋಡೆಯ ಉದ್ದಕ್ಕೆ ಎಡಕ್ಕೂ ಬಲಕ್ಕೂ ಹೋಗುವುದು ಬಂದ ಮೇಲೆ ಇಳಿಸಿ. ಆಗಲೂ ಏಳೂವರೆಯಿಂದ ಎಂಟು ಅಡಿಯ ಮಿನಿ ಮಾಲ್ ನೋಡಿ. ದುಂಡು ಮೂಗಿನದು, 55 ಲೀಟರಿನ ಆಚೀಚೆ. ನಿಮ್ಮ ಕಡೆ ಸೆಕೆಂಡ್ ಹ್ಯಾಂಡ್ ಹುಡುಕಿದರೆ ಸಿಗಬಹುದು, ಎಷ್ಟೋ ಜನ ಅದರಲ್ಲಿ ಕಲಿತು ಮಾರುತ್ತಾರೆ.

ಗಟ್ಟಿ ಬೋರ್ಡಿಗೆ ಹೋದ ಮೇಲೆ ಅಲ್ಲಿ ಕೆಂಪು ಹಳದಿ ಬಾವುಟದ ನಡುವೆ ಇಳಿಯಬೇಡಿ, ಅದು ಈಜುವವರ ಜಾಗ. ನಿಮಗೆ ಗೊತ್ತಿರುತ್ತದೆ, ಆದರೂ ಹೇಳಿದೆ.

ಪ್ರಶ್ನೆ (ಬೆಂಗಳೂರಿನ ಸದಸ್ಯರು, ಮತ್ತೆ):
ಸರಿ ಸರ್, ಚಿಕ್ಕದು ಬೇಡ. ಹಾಗಾದರೆ ಒಂಬತ್ತು ಅಡಿಯ ಫೋಮ್ ಹೊಸದೇ ಆರ್ಡರ್ ಮಾಡಿಬಿಡಲಾ?

ಉತ್ತರ:
ಅವಸರ ಎಂತಕ್ಕೆ? ಒಂಬತ್ತು ಅಡಿಯದನ್ನು ಬೆಂಗಳೂರಿನ ಫ್ಲ್ಯಾಟಿನಲ್ಲಿ ಎಲ್ಲಿ ಇಡ್ತೀರಿ? ಲಿಫ್ಟಿಗೆ ಹೋಗುವುದಿಲ್ಲ, ಮೆಟ್ಟಿಲಲ್ಲಿ ತಿರುವು ತಗೊಳ್ಳುವುದಿಲ್ಲ. ಸಾಗಿಸುವ ಖರ್ಚು ಕೇಳಿದರೆ ಬೋರ್ಡೇ ಅಗ್ಗ ಅನ್ನಿಸೀತು. ಬಿಸಿಲಲ್ಲಿ ಗಾಜು ಮುಚ್ಚಿದ ಕಾರಿನಲ್ಲಿ ಬಿಟ್ಟರೆ ಮೇಲಿನ ಪದರ ಗುಳ್ಳೆ ಎದ್ದು ಬಿಟ್ಟುಕೊಳ್ಳುತ್ತದೆ. ವರ್ಷಕ್ಕೆ ಹತ್ತು ದಿನ ಬರುವವರಿಗೆ ಬಾಡಿಗೆಯೇ ಸರಿ. ಬಾಡಿಗೆಯಲ್ಲಿ ಇನ್ನೊಂದು ಲಾಭ, ಬೇರೆ ಬೇರೆ ಅಳತೆ ಹತ್ತಿ ನೋಡಬಹುದು.

ಹತ್ತಿ ನೋಡುವುದು ಹೇಗೆ ಅಂತ ಹೇಳ್ತೇನೆ, ಇದಕ್ಕೆ ತೆರೆಯೇ ಬೇಡ. ನಮ್ಮಲ್ಲಿ ಶಾಂಭವಿ ಹೊಳೆ ಕಡಲು ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುತ್ತದೆ, ಬೆಳಿಗ್ಗೆ ನೀರು ಕನ್ನಡಿಯ ಹಾಗಿರುತ್ತದೆ. ಹೊಸಬರನ್ನು ಅಲ್ಲಿ ಮಲಗಿಸುತ್ತೇನೆ. ಕಾಲು ಜೋಡಿಸಿ, ಎದೆ ಸ್ವಲ್ಪ ಎತ್ತಿ, ಬೋರ್ಡಿನ ಮೂಗು ನೋಡಿ. ನೀರಿನಿಂದ ನಾಲ್ಕು ಬೆರಳು ಮೇಲಿದ್ದರೆ ಮಲಗಿದ ಜಾಗ ಸರಿ. ಮೂಗು ಆಕಾಶ ನೋಡುತ್ತಿದ್ದರೆ ಹಿಂದೆ ಮಲಗಿದ್ದೀರಿ, ಮುಂದೆ ಸರಿಯಿರಿ. ನೀರೊಳಗೆ ಹೋದರೆ ಹಿಂದೆ ಬನ್ನಿ. ಎಲ್ಲಿ ಮಲಗಿದರೂ ಹೊಟ್ಟೆಯ ಹತ್ತಿರ ನೀರು ಮೇಲೆ ಹತ್ತುತ್ತಿದ್ದರೆ ಬೋರ್ಡ್ ನಿಮಗೆ ಚಿಕ್ಕದು. ಆಮೇಲೆ ಎದ್ದು ಕೂತುಕೊಳ್ಳಿ, ಬೈಕಿನ ಮೇಲೆ ಕೂತ ಹಾಗೆ. ನೀರು ತೊಡೆಯ ತನಕ ಬಂದರೆ ಸರಿ, ಹೊಕ್ಕುಳ ದಾಟಿದರೆ ಅದನ್ನು ವಾಪಸ್ ಕೊಡಿ.

ಮತ್ತೆ, ಜೂನ್ ಬಂತು ಅಂತ ಖುಷಿಯಲ್ಲಿ ಬಂದುಬಿಡಬೇಡಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಉಂಟು. ಅದು ಮೀನು ಮರಿ ಮಾಡುವ ಕಾಲ ಅಂತ. ಹೊಸಬರು ತಮಗೂ ಅದು ಅನ್ವಯ ಅಂತ ತಿಳಿದುಕೊಂಡರೆ ನನಗೆ ನಿದ್ದೆ ಬರುತ್ತದೆ. ಮಳೆಗಾಲದ ಆ ಕಡಲಿನಲ್ಲಿ ಎಷ್ಟು ಲೀಟರಿನ ಬೋರ್ಡೂ ಸಾಲದು. ಅಕ್ಟೋಬರ್ ನಂತರ ಬನ್ನಿ.

ಪ್ರಶ್ನೆ (ಬೆಂಗಳೂರಿನ ಸದಸ್ಯರು, ನವೆಂಬರಿನಲ್ಲಿ):
ಸರ್, ಮಾರುವವರು ಬೆಲೆ ಏಳು ಸಾವಿರಕ್ಕೆ ಇಳಿಸಿದರು, ಆಸೆ ತಡೆಯದೆ ಹೋಗಿ ನೋಡಿದೆ. ಮಗುಚಿದರೆ 28 ಲೀಟರ್ ಅಂತಲೇ ಬರೆದಿತ್ತು. ಬಾಲದ ಹತ್ತಿರ ಕಂದು ಕಲೆ, ಕೈಯಲ್ಲಿ ಎತ್ತಿದರೆ ಭಾರ. ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ಹಾಕಿ ಮಲಗಿದೆ. ಮುಳುಗಿದ್ದು ನೋಡಿ ವಾಚ್‌ಮನ್ ಓಡಿ ಬಂದ.

ಉತ್ತರ:
ಕಂದು ಕಲೆ ಅಂದರೆ ಬಿರುಕಿನಿಂದ ಒಳಗೆ ನೀರು ಕುಡಿದಿದೆ. ಏಳು ನೂರಕ್ಕೂ ಬೇಡ. ಶನಿವಾರ ಬೆಳಿಗ್ಗೆ ಆರೂವರೆಗೆ ಹೊಳೆ ಬದಿಗೆ ಬನ್ನಿ, ಒಂಬತ್ತು ಅಡಿಯದು ನೀಲಿ ಬಣ್ಣದ್ದು ನಿಮಗೆ ತೆಗೆದಿಡ್ತೇನೆ. ತೋಳು ತುಂಬ ಇರುವ ಟಿ-ಶರ್ಟ್ ತನ್ನಿ, ಫೋಮ್ ಎದೆ ಉಜ್ಜುತ್ತದೆ. ವಾಚ್‌ಮನ್‌ಗೆ ಒಂದು ಕಾಫಿ ಕೊಡಿಸಿ.