ಹಳೇ 32 ಬಿಟ್ ಯಂತ್ರದಲ್ಲಿ ಲಿನಕ್ಸ್: ಅನುಭವ ಇದ್ದವರು ಹೇಳಿ

ಪ್ರಶ್ನೆ: ಅಪ್ಪನ ಹತ್ತಿರ ಆಟಮ್ ಎನ್270 ಪ್ರೊಸೆಸರ್ ಇರುವ ನೆಟ್‌ಬುಕ್ ಇದೆ. ಡೆಬಿಯನ್ 12 (ಲಿನಕ್ಸ್‌ನ ಒಂದು ರೂಪ) ಹಾಕಿಕೊಟ್ಟಿದ್ದೇನೆ, ತೋಟದ ಲೆಕ್ಕ ಬರೆಯೋದಕ್ಕೆ ಸಾಕು. ಲಿನಕ್ಸ್‌ನ ತಿರುಳಾದ ಕರ್ನಲ್‌ನಿಂದ ಇಂಟೆಲ್‌ನ ಹಳೇ 486 ಚಿಪ್‌ನ ಬೆಂಬಲ ತೆಗೀತಾರೆ ಅಂತ ಓದಿದೆ. ಇದಕ್ಕೂ ತೊಂದರೆನಾ?

ಉತ್ತರ 1: 486 ಸುದ್ದಿಗೆ ಗಾಬರಿ ಬೇಡ ಸರ್. ಕರ್ನಲ್ ಡೆವಲಪರ್ ಇಂಗೋ ಮೋಲ್ನಾರ್ 2025ರ ಏಪ್ರಿಲ್‌ನಲ್ಲಿ ಕಳಿಸಿದ ಪ್ಯಾಚ್‌ಗಳು (ಕೋಡ್ ಬದಲಾವಣೆಗಳು) ಪ್ರೊಸೆಸರ್‌ನಲ್ಲಿ ಎರಡು ಇರಲೇಬೇಕು ಅನ್ನುತ್ತವೆ. ಒಂದು, ಕಾಲ ಎಣಿಸುವ ಟಿಎಸ್‌ಸಿ. ಇನ್ನೊಂದು, 64 ಬಿಟ್ ಸಂಖ್ಯೆಯನ್ನು ಒಂದೇ ಏಟಿಗೆ ಹೋಲಿಸಿ ಬದಲಿಸುವ ಸೂಚನೆ. ಎರಡೂ 1993ರ ಪೆಂಟಿಯಂನಲ್ಲೇ ಇದ್ದವು, ನಿಮ್ಮದು 2008ರ ಚಿಪ್. ಇವಿಲ್ಲದ ಚಿಪ್‌ಗಳಿಗಾಗಿ ಕರ್ನಲ್ ಆ ಕೆಲಸವನ್ನು ಸಾಫ್ಟ್‌ವೇರ್‌ನಲ್ಲೇ ಮಾಡಿಕೊಡಬೇಕಿತ್ತು. ಹೆಚ್ಚುಕಮ್ಮಿ ಯಾರೂ ಓಡಿಸದ ಚಿಪ್‌ಗೆ ಆ ಕೋಡ್ ಕಾಯೋದು ಸುಮ್ನೆ ಹೊರೆ, ತೆಗೆಯೋದೇ ಸರಿ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಶುರು ಮಾಡಿದ್ದೇ 486ಕ್ಕಿಂತ ಹಿಂದಿನ 386 ಚಿಪ್ ಮೇಲೆ. ಅದರ ಬೆಂಬಲವನ್ನೇ ಕರ್ನಲ್ 3.8ರಲ್ಲಿ ಕೈಬಿಟ್ಟರು ಅಲ್ವಾ.

ನಿಮಗೆ ತಟ್ಟೋದು ಡಿಸ್ಟ್ರೋ ಕಡೆಯಿಂದ, ಅಂದ್ರೆ ಡೆಬಿಯನ್ ಕಡೆಯಿಂದ. ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಎನ್270 ಬರೀ 32 ಬಿಟ್. ಹಾಗಾಗಿ 12ರಲ್ಲೇ ಇರಿ, ಎಲ್‌ಟಿಎಸ್ (ದೀರ್ಘಾವಧಿ ಭದ್ರತಾ ಅಪ್‌ಡೇಟ್) 2028ರ ಜೂನ್‌ವರೆಗೆ ಇದೆ. ಇವತ್ತೇ, ಪ್ಯಾಕೇಜ್‌ಗಳು ಎಲ್ಲಿಂದ ಬರಬೇಕು ಅಂತ ಹೇಳುವ ಸೋರ್ಸಸ್ ಲಿಸ್ಟ್ ಫೈಲ್ ತೆಗೆದು ನೋಡಿ. 'ಸ್ಟೇಬಲ್' (ಸದ್ಯದ ಹೊಸ ಆವೃತ್ತಿ) ಅಂತ ಇದ್ದರೆ ಅಳಿಸಿ 'ಬುಕ್‌ವರ್ಮ್' (12ರ ಹೆಸರು) ಅಂತ ಬರೆಯಿರಿ. ಇಲ್ಲಾಂದ್ರೆ ಮುಂದಿನ ಅಪ್‌ಗ್ರೇಡ್‌ನಲ್ಲಿ 13ರ ಪ್ಯಾಕೇಜ್‌ಗಳು ಬಂದು ಕೂರುತ್ತವೆ.

ಉತ್ತರ 2: ಬೇರೆ ಹಳೇ ಯಂತ್ರ ಇದ್ದವರು ಎಸೆಯೋ ಮುಂಚೆ ಟರ್ಮಿನಲ್‌ನಲ್ಲಿ ಎಲ್‌ಎಸ್‌ಸಿಪಿಯು (lscpu) ಕಮಾಂಡ್ ಓಡಿಸಿ. ಆಪ್-ಮೋಡ್ ಸಾಲಿನಲ್ಲಿ 64 ಬಿಟ್ ಅಂತಲೂ ಕಂಡರೆ ನಿಮ್ಮ ಚಿಪ್ 64 ಬಿಟ್‌ಗೂ ಸೈ, ಹಾಕಿದ ಸಿಸ್ಟಮ್ ಮಾತ್ರ 32 ಬಿಟ್. ನನ್ನ ಕೋರ್ 2 ಡ್ಯುಯೋ ಹಾಗೇ ಇತ್ತು. ಇದ್ದ ಸಿಸ್ಟಮ್ಮನ್ನೇ 64 ಬಿಟ್‌ಗೆ ಬದಲಿಸೋ ದಾರಿ ಇದೆ, ಆದರೆ ತಲೆನೋವು ಜಾಸ್ತಿ. ಹೋಮ್ ಫೋಲ್ಡರ್ ನಕಲು ತೆಗೆದಿಟ್ಟು ಹೊಸದಾಗಿ ಹಾಕೋದೇ ಸುಲಭ.

ಉತ್ತರ 3: ನಮ್ಮ ವರ್ಕ್‌ಶಾಪಿನ ಒಂದು ಮಷೀನ್‌ನಲ್ಲಿ ನಿಜವಾದ 486 ಬೋರ್ಡೇ ಇದೆ. ಹಳೇ ಕರ್ನಲ್‌ನಲ್ಲೇ ಓಡುತ್ತಿದೆ, ನೆಟ್ ಕೊಟ್ಟಿಲ್ಲ. ಹೊಸ ಕರ್ನಲ್ ಕೈಬಿಟ್ಟರೆ ಹಾಕಿದ್ದು ನಿಂತುಹೋಗಲ್ಲ. ಭಯ ಇರೋದು ಸಿಸ್ಟಮ್ ಇರುವ ಸಿಎಫ್ (ಕಾಂಪ್ಯಾಕ್ಟ್ ಫ್ಲ್ಯಾಶ್) ಮೆಮೊರಿ ಕಾರ್ಡ್ ಕೆಡೋದರದ್ದು. ಅದಕ್ಕೇ ಅದರ ಪೂರ್ತಿ ಇಮೇಜ್ (ಯಥಾವತ್ ನಕಲು) ತೆಗೆದು ಇನ್ನೊಂದು ಸಿಎಫ್ ಕಾರ್ಡಿಗೆ ಬರೆದು, ಬೂಟ್ ಆಗುತ್ತಾ ಅಂತ ನೋಡಿ ಇಟ್ಟಿದ್ದೇವೆ.