ಅಸ್ಸಾಮಿನವರು ನಮ್ಮ ಲೈನಿಗೆ ಬಂದಿದ್ದಾರೆ, ಊರವರ ಜೊತೆ ಹೇಗೆ ಹೊಂದಿಸಲಿ?

ಕೇಳಿದವರು, ಸೋಮವಾರಪೇಟೆ ಕಡೆಯಿಂದ

ನಮ್ಮದು 12 ಎಕರೆ ಕಾಫಿ ತೋಟ. ಈ ಸಲ ಕುಯ್ಲಿಗೆ ಊರಲ್ಲಿ ಆಳು ಸಾಲಲಿಲ್ಲ. ಮೊದಲ ಸಲ ಅಸ್ಸಾಮಿನ ಮೂರು ಸಂಸಾರ ಬಂದು ಲೈನ್ ಮನೆಯಲ್ಲಿ, ಅಂದರೆ ತೋಟದ ಆಳುಗಳ ಸಾಲುಮನೆಯಲ್ಲಿ ಇದ್ದಾರೆ. ಕೆಲಸದ ಬಗ್ಗೆ ಎರಡು ಮಾತಿಲ್ಲ. ಆದರೆ ಪಕ್ಕದ ತೋಟದವರು "ಅವರು ಬಾಂಗ್ಲಾದವರು, ಇವತ್ತೇ ಕಳಿಸು" ಅನ್ನುತ್ತಾರೆ. ನಮ್ಮ ಹಳೇ ಆಳುಗಳು ಅವರ ಜೊತೆ ಒಂದೇ ನಲ್ಲಿಯಲ್ಲಿ ನೀರು ಹಿಡಿಯಲ್ಲ ಅಂತ ಹಟ ಹಿಡಿದಿದ್ದಾರೆ. ಅಮ್ಮನಿಗೂ ಹೆದರಿಕೆ. ಬಂದವರನ್ನು ಕಳಿಸಲು ಮನಸ್ಸಿಲ್ಲ, ಊರವರನ್ನು ಎದುರು ಹಾಕಿಕೊಳ್ಳಲೂ ಆಗಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಸಿದ್ದಾಪುರ, ಕೊಡಗು

ಮೊದಲು ಕಾಗದಪತ್ರದ ಕೆಲಸ ಮುಗಿಸಿಬಿಡಿ. ದೊಡ್ಡವರೆಲ್ಲರ ಆಧಾರ್ ನಕಲು, ಒಂದು ಫೋಟೋ, ಊರಲ್ಲಿರುವ ಸಂಬಂಧಿಕರ ಫೋನ್ ನಂಬರ್. ಒಂದು ಪ್ರತಿ ಠಾಣೆಗೆ ಕೊಡಿ, ಒಂದು ನಿಮ್ಮ ಹತ್ತಿರ ಇರಲಿ. ಮೂಲ ಕಾರ್ಡನ್ನು ಮಾತ್ರ ಯಾವ ಕಾರಣಕ್ಕೂ ಇಟ್ಟುಕೊಳ್ಳಬೇಡಿ. ಕೆಲವರು ಆಳು ಓಡಿಹೋಗದಿರಲಿ ಅಂತ ಕಾರ್ಡು ಇಟ್ಟುಕೊಳ್ಳುತ್ತಾರೆ. ಅದು ತಪ್ಪು. ದಾರಿಯಲ್ಲಿ ಯಾರಾದರೂ ತಡೆದು ಕೇಳಿದರೆ ಆ ಬಡವರು ಏನು ತೋರಿಸಬೇಕು?

ನಮ್ಮಲ್ಲಿಗೆ ಅಸ್ಸಾಮಿನ ಒಂದು ಸಂಸಾರ ಬಂದು ಆರು ವರ್ಷ ಆಯಿತು. ಮೊದಲ ದಿನ ನಾನು ಆಧಾರ್ ಕೇಳಿದೆ. ಆ ಮನುಷ್ಯ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದ. ಅದರೊಳಗೆ ಇನ್ನೊಂದು ಚೀಲ, ಅದಕ್ಕೆ ಎರಡು ರಬ್ಬರ್ ಬ್ಯಾಂಡ್. ಬಿಚ್ಚಿದರೆ 1966ರ ಮತದಾರರ ಪಟ್ಟಿಯ ನಕಲು. ಒಂದು ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ. ಅವನ ಅಜ್ಜನ ಹೆಸರಂತೆ. ಮಳೆ ಬಂದರೆ ಮೊದಲು ಎತ್ತಿಡುವುದು ಆ ಚೀಲವನ್ನೇ ಎಂದು ಅವನ ಹೆಂಡತಿ ಕೈಸನ್ನೆಯಲ್ಲಿ ತೋರಿಸಿದಳು. ಅಸ್ಸಾಮಿನಲ್ಲಿ ಪೌರತ್ವ ಪಟ್ಟಿಗೆ 1971ರ ಮಾರ್ಚ್ 24ರ ಮಧ್ಯರಾತ್ರಿಯ ಒಳಗಿನ ದಾಖಲೆ ತೋರಿಸಬೇಕಿತ್ತು. 2019ರ ಆಗಸ್ಟ್ 31ರಂದು ಕೊನೆಯ ಪಟ್ಟಿ ಬಂದಾಗ ಸುಮಾರು 19 ಲಕ್ಷ ಜನರ ಹೆಸರು ಅದರಲ್ಲಿರಲಿಲ್ಲ. ಆ ಹೆದರಿಕೆ ಅವರ ಜೊತೆ ಇಲ್ಲಿಗೂ ಬಂದಿದೆ. ನನ್ನ ಅಜ್ಜ ಇದೇ ಊರವರು ಅಂತ ತೋರಿಸಲು ನನ್ನ ಹತ್ತಿರ ಅಷ್ಟು ಹಳೇ ಕಾಗದ ಇಲ್ಲ. ನನ್ನನ್ನು ಯಾರೂ ಕೇಳಿಲ್ಲ, ಅಷ್ಟೇ.

ಬಂಗಾಳಿ ಮಾತಾಡಿದರೆ ಬಾಂಗ್ಲಾದವರು ಅಂತ ಅಲ್ಲವೇ ಅಲ್ಲ. ಅಸ್ಸಾಮಿನ ಬರಾಕ್ ಕಣಿವೆಯಲ್ಲಿ ಹೆಚ್ಚಿನವರಿಗೆ ಬಂಗಾಳಿಯೇ ಮನೆಮಾತು. 1961ರ ಮೇ 19ರಂದು ಸಿಲ್ಚಾರ್‌ನಲ್ಲಿ ಆ ಭಾಷೆಗಾಗಿ ಹೋರಾಡಿದ 11 ಜನ ಗುಂಡೇಟಿಗೆ ಸತ್ತಿದ್ದಾರೆ. ಬ್ರಹ್ಮಪುತ್ರದ ದಂಡೆಯಲ್ಲೂ ಬಂಗಾಳಿಯವರು ತಲೆತಲಾಂತರದಿಂದ ಇದ್ದಾರೆ. ಪಕ್ಕದ ತೋಟದವರಿಗೆ ಕಾಸರಗೋಡಿನ ಉದಾಹರಣೆ ಕೊಡಿ. ಅಲ್ಲಿ ಎಷ್ಟೋ ಜನ ಮನೆಯಲ್ಲಿ ಕನ್ನಡ ಮಾತಾಡುತ್ತಾರೆ ಅಂತ ಅವರನ್ನು ಕೇರಳದಿಂದ ಹೊರಗೆ ಹಾಕುವುದಕ್ಕೆ ಆಗುತ್ತದಾ?

ಯಾಕೆ ಇಷ್ಟು ದೂರ ಬಂದಿರಿ ಅಂತ ಒಂದು ಸಂಜೆ ಕೇಳಿದ್ದೆ. ಅವನು ಕಣದಲ್ಲಿ ಹರಡಿದ್ದ ಕಾಫಿಯ ಮೇಲೆ ಕೋಲಿನಿಂದ ಒಂದು ಗೆರೆ ಎಳೆದ, ಅದು ನದಿ. ಪಕ್ಕದಲ್ಲಿ ಒಂದು ಚೌಕ, ಅದು ಅವರ ಗದ್ದೆ. ಆಮೇಲೆ ಕೈಯಿಂದ ಕಾಳು ತಳ್ಳಿ ಆ ಚೌಕವನ್ನು ಅಳಿಸಿದ. ಪ್ರತಿ ಮಳೆಗಾಲ ನದಿ ದಂಡೆ ಕೊರೆಯುತ್ತದೆ. ಗದ್ದೆ ಹೋದ ಮೇಲೆ ಅವರಿಗೆ ಉಳಿದಿರುವುದು ಕೂಲಿ ಒಂದೇ.

ಸಕಲೇಶಪುರ

ಅಣ್ಣ, ನಲ್ಲಿಯ ಜಗಳದ ಬುಡ ತೂಕದ ಕಲ್ಲಿನಲ್ಲಿದೆ. ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಊರಿನವರಿಗೆ ಹಣ್ಣು ಕೀಳಲು ಕೆಜಿಗೆ 6 ರೂಪಾಯಿ, ಹೊರಗಿನವರಿಗೆ 5 ಅಂತ ಏಜೆಂಟ್ ಜೊತೆ ಮಾತಾಡಿಕೊಂಡಿದ್ದೆ. ನನಗೆ ಲಾಭ ಅನ್ನಿಸಿತ್ತು. ಹದಿನೈದೇ ದಿನಕ್ಕೆ ಹಳೇ ಆಳುಗಳಿಗೆ ಗೊತ್ತಾಯಿತು. "ಕಡಿಮೆಗೆ ಬರುವವರು ಇದ್ದ ಮೇಲೆ ಮುಂದಿನ ವರ್ಷ ನಮ್ಮನ್ನು ಯಾಕೆ ಕರೀತಾರೆ?" ಅಂತ ಅವರಿಗೆ ಭಯ. ಅದನ್ನು ನನ್ನ ಮುಖಕ್ಕೆ ಹೇಳಲು ಆಗಲ್ಲವಲ್ಲ. ಅವರು ಮುಟ್ಟಿದ ಕೊಡ ನಾವು ಮುಟ್ಟಲ್ಲ, ಅವರ ಅಡುಗೆ ವಾಸನೆ ಅಂತ ಶುರುವಾಯಿತು.

ದರ ಒಂದೇ ಮಾಡಿದೆ. ಸಂಜೆ ಎಲ್ಲರ ಎದುರೇ ತೂಕ. ರೈಟರ್ ಗಟ್ಟಿಯಾಗಿ ಹೆಸರು ಹೇಳಿ, ಕೆಜಿ ಓದಿ, ಆಮೇಲೆ ಪುಸ್ತಕದಲ್ಲಿ ಬರೆಯಬೇಕು. "ಏಯ್ ಅಸ್ಸಾಂ" ಅಂತ ಕೂಗುವುದನ್ನು ನಿಲ್ಲಿಸಿದೆ. ದಿನಾ ಹೆಸರು ಕೇಳಿ ಕೇಳಿ ಉಳಿದವರೂ ಹೆಸರು ಹಿಡಿದೇ ಕರೆಯತೊಡಗಿದರು. ಜಗಳ ಒಂದೇ ದಿನಕ್ಕೆ ನಿಂತಿತು ಅಂತ ಹೇಳಲ್ಲ. ಆದರೆ ಆ ಕುಯ್ಲು ಮುಗಿಯುವ ಹೊತ್ತಿಗೆ ನೀರಿನ ಮಾತು ಯಾರೂ ಎತ್ತಲಿಲ್ಲ.

ನಮ್ಮ ಲೈನಿನ ಹಳೇ ಸಂಸಾರಗಳ ಹಿರಿಯರೂ ಸೇಲಂ ಕಡೆಯಿಂದ, ಆಳು ಕರೆತರುವ ಮೇಸ್ತ್ರಿ ಹಿಂದೆ ನಡೆದು ಬಂದವರೇ. ಇದನ್ನು ನೀವು ಹೇಳಬೇಡಿ, ಚುಚ್ಚಿದ ಹಾಗೆ ಆಗುತ್ತದೆ. ನಮ್ಮಲ್ಲಿ ಒಬ್ಬ ಅಜ್ಜಿ ತಾನಾಗಿಯೇ ಹೇಳಿತು.

ವಿರಾಜಪೇಟೆ

ನನ್ನ ಅನುಭವ ಬೇರೆ, ಅದನ್ನೂ ಹೇಳಬೇಕು. ಎರಡು ವರ್ಷದ ಹಿಂದೆ ಮುಂಗಡ ಕೊಟ್ಟಿದ್ದೆ. ಹತ್ತು ಜನ ರಾತ್ರೋರಾತ್ರಿ ಹೊರಟುಹೋದರು. ತುಂಬಾ ಸಿಟ್ಟು ಬಂತು, "ಇವರೆಲ್ಲ ಇಷ್ಟೇ" ಅಂತ ನಾನೂ ಅಂದೆ. ಆಮೇಲೆ ಅವರಲ್ಲೊಬ್ಬನೇ ಫೋನ್ ಮಾಡಿದ. ನಾನು ಕೊಟ್ಟ ಮುಂಗಡದಲ್ಲಿ ಏಜೆಂಟ್ ಅವರಿಗೆ ಒಂದು ರೂಪಾಯಿಯೂ ಕೊಟ್ಟಿರಲಿಲ್ಲ. ದುಡ್ಡು ನೇರ ಅವರ ಕೈಗೆ ಅಥವಾ ಬ್ಯಾಂಕಿಗೆ ಹಾಕಿ. ಮಧ್ಯದವನ ಕೈಗೆ ಕೊಡಬೇಡಿ.

ಮೊದಲು ವಾಸ್ಕೋ, ಈಗ ಬಾಗಲಕೋಟೆ

ನಾನು ತೋಟದವಳಲ್ಲ. ನಮ್ಮಪ್ಪ ಅವ್ವ ಗುಳೆ ಹೋದವರು, ಗೋವಾಕ್ಕೆ. ನಾನು ಬೆಳೆದದ್ದು ವಾಸ್ಕೋದ ಬೈನಾದಲ್ಲಿ. ಅಲ್ಲಿ ನಮ್ಮನ್ನು ಕರೆಯುತ್ತಿದ್ದದ್ದು "ಘಾಟಿ" ಅಂತ. ಘಟ್ಟದ ಮೇಲಿನವರು ಅನ್ನುವುದಷ್ಟೇ ಅದರ ಅರ್ಥ, ಆದರೆ ಹೇಳುವ ಧಾಟಿಯಲ್ಲಿ ಬೈಗುಳ ಇರುತ್ತಿತ್ತು. ಎಲ್ಲಿ ಕಳವಾದರೂ ಮೊದಲು ನಮ್ಮ ಓಣಿಗೆ ಬರುತ್ತಿದ್ದರು. 2004ರಲ್ಲಿ ಬೈನಾದ ಮನೆಗಳನ್ನು ಕೆಡವಿದಾಗ ಕನ್ನಡದ ಎಷ್ಟೋ ಸಂಸಾರ ಬೀದಿಗೆ ಬಿದ್ದವು. ಆಗ ಇಲ್ಲಿಯ ಪೇಪರ್‌ಗಳಲ್ಲಿ "ನಮ್ಮವರಿಗೆ ಅನ್ಯಾಯ" ಅಂತ ಓದಿ ಎಲ್ಲರೂ ಮರುಗಿದರು.

ಅಲ್ಲಿ ಒಬ್ಬ ಕೊಂಕಣಿ ಬಾಯಿ ನಮ್ಮವ್ವನಿಗೆ ಬಾವಿಯ ನೀರು ಬಿಟ್ಟಿದ್ದರು. ಅಕ್ಕಪಕ್ಕದವರು ಬೇಡ ಅಂದರೂ ಬಿಟ್ಟಿದ್ದರು. ನಮ್ಮವ್ವ ಈಗಲೂ ದೀಪ ಹಚ್ಚುವಾಗ ಅವರ ಹೆಸರು ಹೇಳುತ್ತಾಳೆ. ನಿಮ್ಮ ಲೈನಿನ ನಲ್ಲಿಯ ವಿಷಯ ಓದಿ ಸುಮ್ನೆ ಇರಲಾಗಲಿಲ್ಲ ಅಣ್ಣ. ಅವರನ್ನು ಕಳಿಸಬೇಡಿ.

ಬೆಂಗಳೂರು

ವದಂತಿಯ ಬಗ್ಗೆ ಒಂದು ಮಾತು. 2012ರ ಆಗಸ್ಟ್‌ನಲ್ಲಿ ಈಶಾನ್ಯದವರ ಮೇಲೆ ಹಲ್ಲೆ ಆಗುತ್ತದೆ ಅಂತ ಮೊಬೈಲ್‌ಗಳಲ್ಲಿ ಸಂದೇಶ ಹರಿದಾಡಿ, ಸಾವಿರಾರು ಜನ ರೈಲು ಹತ್ತಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಒಟ್ಟಿಗೆ ಕಳಿಸುವ ಎಸ್ಸೆಮ್ಮೆಸ್‌ಗೆ 5 ಅಂತ ಮಿತಿ ಹಾಕಿದರು. ನಮ್ಮ ಕಟ್ಟಡದ ಕಾವಲಿನ ಹುಡುಗ ಸ್ಟೇಷನ್ನಿನಿಂದ ಫೋನ್ ಮಾಡಿ, "ಅಕ್ಕ, ನೀವು ಹೇಳಿ, ಇರಲಾ ಹೋಗಲಾ?" ಅಂದ. ನನಗೆ ಧೈರ್ಯ ಸಾಲದೆ "ನಿನಗೆ ಹೇಗೆ ಅನ್ನಿಸುತ್ತೋ ಹಾಗೆ ಮಾಡು" ಅಂದುಬಿಟ್ಟೆ. ಅವನು ಹೋದ, ಮತ್ತೆ ಬರಲಿಲ್ಲ. ಇರು, ನಾವಿದ್ದೇವೆ ಅಂತ ಹೇಳಬೇಕಿತ್ತು. ನಿಮ್ಮ ನಂಬರ್ ಅವರ ಹತ್ತಿರ ಇರಲಿ. ಏನಾದರೂ ಸುದ್ದಿ ಹಬ್ಬಿದರೆ ಕತ್ತಲಾಗುವ ಮೊದಲು ನೀವೇ ಲೈನಿಗೆ ಹೋಗಿ.

ಬಾಳೆಹೊನ್ನೂರು, ಶಾಲಾ ಶಿಕ್ಷಕಿ

ಮಕ್ಕಳಿದ್ದರೆ ಕುಯ್ಲು ಮುಗಿಯಲಿ ಅಂತ ಕಾಯದೆ ಹತ್ತಿರದ ಸರ್ಕಾರಿ ಶಾಲೆಗೆ ಕರೆದುಕೊಂಡು ಬನ್ನಿ. ದಾಖಲೆ ಪೂರ್ತಿ ಇಲ್ಲ ಅಂತ ಸೇರಿಸದೇ ಇರುವಂತಿಲ್ಲ. ನನ್ನ ತರಗತಿಗೆ ಬಂದ ಹುಡುಗಿ ಮೂರು ತಿಂಗಳಿಗೆ ಕನ್ನಡ ಮಾತಾಡಿದಳು. ಅಂಗಡಿಗೆ, ಆಸ್ಪತ್ರೆಗೆ ಅವಳೇ ಅವರಮ್ಮನ ಜೊತೆ ಹೋಗಿ ಮಾತಾಡುತ್ತಾಳೆ. ಇನ್ನೊಂದು, ಅವರ ರೇಷನ್ ಕಾರ್ಡು ಅಸ್ಸಾಮಿನದ್ದಾದರೂ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಸಿಗುತ್ತದೆ. ಇದಕ್ಕೆ "ಒಂದು ದೇಶ, ಒಂದು ರೇಷನ್ ಕಾರ್ಡ್" ಅನ್ನುತ್ತಾರೆ, 2022ರ ಜೂನ್‌ನಲ್ಲಿ ಅಸ್ಸಾಂ ಕೂಡ ಆ ವ್ಯವಸ್ಥೆಗೆ ಸೇರಿದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ.

ಕೇಳಿದವರು

ಎಲ್ಲರಿಗೂ ಮನಸಾರೆ ವಂದನೆ. ದರ ನಮ್ಮಲ್ಲೂ ಬೇರೆ ಬೇರೆ ಇತ್ತು. ಸಕಲೇಶಪುರದ ಅಣ್ಣ ಹೇಳಿದ್ದು ಓದಿದಾಗ ಎದೆ ಧಸಕ್ಕಂತು. ಶನಿವಾರ ಬಟವಾಡೆಯಲ್ಲಿ ಇನ್ನು ದರ ಒಂದೇ ಅಂತ ಎಲ್ಲರ ಎದುರು ಹೇಳಿ, ಹಿಂದಿನ ವಾರದ ಬಾಕಿಯನ್ನೂ ಸೇರಿಸಿ ಕೊಟ್ಟೆ. ಠಾಣೆಗೆ ನಕಲು ಕೊಟ್ಟಾಯಿತು. ಪಕ್ಕದವರು ಇನ್ನೂ ಮುಖ ಕೊಟ್ಟು ಮಾತಾಡುತ್ತಿಲ್ಲ, ಇನ್ನೊಂದು ಸಲ ಮನೆಗೇ ಹೋಗುತ್ತೇನೆ.

ನಲ್ಲಿ ಒಂದೇ ಇದ್ದದ್ದಕ್ಕೆ ಬೆಳಿಗ್ಗೆ ನೂಕುನುಗ್ಗಲು ನಿಜವಾಗಿಯೂ ಇತ್ತು. ಅದೇ ಕಟ್ಟೆಗೆ ಇನ್ನೊಂದು ಹಾಕಿಸಿದೆ. ಯಾರದ್ದು ಯಾವುದು ಅಂತ ಹೇಳಲಿಲ್ಲ. ಇವತ್ತು ಬೆಳಿಗ್ಗೆ ಹಳೇದರಲ್ಲಿ ನೀರು ಸಣ್ಣಗೆ ಬರುತ್ತಿತ್ತು ಅಂತ ನಮ್ಮ ಹಳೇ ಆಳು ಕೊಡ ಎತ್ತಿಕೊಂಡು ಹೊಸ ನಲ್ಲಿಗೆ ಹೋದಳು. ಅಲ್ಲಿ ನಿಂತಿದ್ದ ಹುಡುಗಿ ತನ್ನ ಬಕೆಟ್ ಪಕ್ಕಕ್ಕೆ ಸರಿಸಿದಳು. ಅಮ್ಮ ಅಡುಗೆಮನೆ ಕಿಟಕಿಯಿಂದ ನೋಡಿ, "ಆ ಹುಡುಗಿ ಹೆಸರೇನೋ?" ಅಂತ ನನ್ನನ್ನು ಕೇಳಿದರು.